ಕೊನೆಗೂ ಕೇಳಿಸಿದ ಡೆಲ್ಮರ್

ಅಕ್ಟೋಬರ್ 11, ಶುಕ್ರವಾರ

ಅರ್ಧ ಆಯುಸ್ಸು ಗಿಟಾರ್ ಬಾರಿಸಿದವನಿಗೆ ಬ್ಯಾಂಜೊ ಯಾವ ಮಹಾ ಎಂದುಕೊಂಡಿದ್ದೆ. ಗಿಟಾರಿನಲ್ಲಿ ಹೆಬ್ಬೆರಳಿಗೆ ಸಿಗುವುದು ದಪ್ಪ ದನಿಯ ತಂತಿ. ಬ್ಯಾಂಜೊದಲ್ಲಿ ಅದೇ ಜಾಗದಲ್ಲಿ ಎಲ್ಲಕ್ಕಿಂತ ಕೀರಲು ದನಿಯ ಗಿಡ್ಡ ತಂತಿ ಕೂತಿದೆ. ಸಂಜೆ ಅಗ್ನಿಶಾಮಕ ಠಾಣೆಯ ಹಾಡಿನ ಕೂಟದಲ್ಲಿ ಮೊದಲ ಸಲ ಅದನ್ನು ನುಡಿಸಿದೆ. ಹೆಬ್ಬೆರಳು ಹಳೆಯ ಚಾಳಿ ಬಿಡಲಿಲ್ಲ. ಹಾಡಿನುದ್ದಕ್ಕೂ ಬಾಲ ತುಳಿಸಿಕೊಂಡ ಬೆಕ್ಕಿನ ಕೂಗು.

ಪಿಟೀಲಿನ ವರ್ನಾ ಅಜ್ಜಿ ಕಮಾನು ಕೆಳಗಿಳಿಸಿದಳು. "ಡೆಲ್ಮರ್, ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತು ಗಿಟಾರ್ ಬಾರಿಸಿದೀಯ. ನೀನು ನುಡಿಸೋದು ನಂಗೆ ಕೇಳಿಸಿದ್ದು ಇವತ್ತೇ ಕಣೋ."

"ಹೇಗಿತ್ತಜ್ಜಿ?"

"ಕೇಳಿಸ್ತು ಅಂದೆ, ಅಷ್ಟೇ."

ಎಲ್ಲರೂ ಬಿದ್ದುಬಿದ್ದು ನಕ್ಕರು. ಸೇಬಿನ ಕೇಕು ಕೊಯ್ಯುತ್ತಿದ್ದ ನನ್ನ ಹೆಂಡತಿ ಲೊರೀನಳೂ ನಕ್ಕಳು. ಬ್ಯಾಂಜೊವನ್ನು ಪೆಟ್ಟಿಗೆಗೆ ಹಾಕಹೊರಟೆ.

"ಎಲ್ಲಿಗೋ?" ಅಜ್ಜಿ ತಡೆದಳು. "ಇನ್ನೊಂದ್ಸಲ ನುಡಿಸು. ನಿಧಾನಕ್ಕೆ."

ನನ್ನೊಬ್ಬನಿಗಾಗಿ ಅಷ್ಟೂ ಜನ ಹಾಡಿನ ಓಟ ತಗ್ಗಿಸಿದರು. ತಪ್ಪಿದಾಗಲೆಲ್ಲ ಎಲ್ಲರೂ ನನ್ನತ್ತ ತಿರುಗಿದರು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಯಾರಾದರೂ ನನ್ನತ್ತ ತಿರುಗಿ ಎಷ್ಟು ಕಾಲವಾಗಿತ್ತು!

ಮನೆಗೆ ಬಂದಾಯಿತು, ಲೊರೀನ್‌ಗೆ ನಿದ್ದೆ ಬಂದಂತಿದೆ. ಆ ಹಾಡಿನ ಕೊನೆಯ ತುಣುಕನ್ನು ಒಂದೇ ಒಂದು ಸಲ, ಮೆಲ್ಲಗೆ...

ಬ್ಯಾಂಜೊಗೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ. ಕೆಳಮನೆಯ ನಾಯಿ ಬೊಗಳುತ್ತಿದೆ, ಲೊರೀನ್ ಎದ್ದು ಬರುತ್ತಿದ್ದಾಳೆ, ದೀಪ ಆರಿಸಿಬಿಡುತ್ತೇ—