ಓಡಿಹೋದ ವ್ಯಾನು, ಉಳಿದ ಹೆಸರು

ಮಾರ್ಚ್ ೧೪, ಮಧ್ಯಾಹ್ನ

ನನ್ನ ಮೌನಿಗಳಿಗೆ,

ಎರಡು ವರ್ಷದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡಿ. ನೀವು ಬಾಯಿ ಬಿಡುವುದಿಲ್ಲ, ನಾನು ಮುಚ್ಚುವುದಿಲ್ಲ ಎಂದು ಬೇರೆಯಾದವರು ನಾವು. ಆ ಜಗಳ ಮುಂದುವರಿಸಲು ಬರೆಯುತ್ತಿಲ್ಲ.

ಕೆಟ್ಟ ಸುದ್ದಿ ಮೊದಲೇ ಹೇಳಿ ಮುಗಿಸುತ್ತೇನೆ. ಐದು ವಾರದ ಹಿಂದೆ, ರಿಪೇರಿಯಾದ ಹೊಲಿಗೆ ಯಂತ್ರವನ್ನು ಗಿರಾಕಿಗೆ ತಲುಪಿಸಲು ಅಂಗಡಿಯಿಂದ ಹೊರಟು ರಸ್ತೆ ದಾಟುತ್ತಿದ್ದೆ. ಬಿಳಿ ವ್ಯಾನೊಂದು ಗುದ್ದಿತು. ಒಂದು ಕ್ಷಣ ನಿಂತಿತು ಕೂಡ. ಯಾರೋ ಇಳಿದು ಬರುತ್ತಾರೆ ಅಂದುಕೊಂಡೆ. ಹೊರಟೇ ಹೋಯಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ನಂಬರ್ ಯಾರೂ ನೋಡಲಿಲ್ಲ. ಪೊಲೀಸರು ದೂರು ಬರೆದುಕೊಂಡರು, ವ್ಯಾನು ಸಿಕ್ಕಿಲ್ಲ.

ನಿಮಗೆ ತಿಳಿಸಲಿಲ್ಲ, ಬೇಕೆಂದೇ. ಕಷ್ಟ ಬಂದಾಗ ಮಾತ್ರ ಇವಳಿಗೆ ಗಂಡನ ನೆನಪು ಅಂತ ನೀವು ಅಂದುಕೊಳ್ಳಬಾರದಿತ್ತು.

ಮೊದಲ ಆಪರೇಷನ್‌ನಲ್ಲಿ ಮೂಳೆ ಸರಿಯಾಗಿ ಕೂಡಲಿಲ್ಲ. ಇನ್ನೊಂದು ಮಾಡದಿದ್ದರೆ ಕಾಲು ಸೊಟ್ಟಗೇ ಉಳಿಯುತ್ತದೆ, ಪೆಡಲ್ ತುಳಿಯುವ ಕೆಲಸ ಮರೆತುಬಿಡಿ ಅಂದರು ಡಾಕ್ಟರು. ಗುದ್ದಿದವನೇ ಇಲ್ಲದ ಮೇಲೆ ಯಾರ ವಿಮೆ ಕೇಳುವುದು? ಕೈಚೆಲ್ಲಿ ಕೂತಿದ್ದೆ. ತಂಗಿ ಬಿಡಲಿಲ್ಲ. "ಭಾವನ ಕಾರಿನ ವಿಮೆಯವರನ್ನ ಕೇಳಕ್ಕೇನು ದುಡ್ಡು ಕೊಡ್ಬೇಕಾ?" ಎಂದು ಗದರಿಸಿ ಎಬ್ಬಿಸಿದಳು. ಊರುಗೋಲು ಊರಿಕೊಂಡು ಹೋದೆ.

ಕೌಂಟರಿನ ಹೆಂಗಸು ಪಾಲಿಸಿ ತೆರೆದು ನೋಡಿ, "ಗುದ್ದಿದೋರು ಓಡಿಹೋಗಿದ್ರೂ, ಅವರಿಗೆ ವಿಮೆನೇ ಇಲ್ದಿದ್ರೂ, ಇದರಲ್ಲಿ ಹೆಸರಿರೋರ ಚಿಕಿತ್ಸೆ ಖರ್ಚು ನಾವೇ ಕೊಡ್ತೀವಿ. ಕಾರಲ್ಲೇ ಇರ್ಬೇಕು ಅಂತೇನಿಲ್ಲ, ನಡ್ಕೊಂಡು ಹೋಗ್ತಿದ್ರೂ ಸರಿ," ಅಂದರು.

"ನನ್ನ ಹೆಸರು ಇರಲ್ಲ ಬಿಡಿ. ನಾವು ಬೇರೆ ಇದೀವಿ. ತೆಗೆಸಿಹಾಕಿದೀನಿ ಅಂತ ಅವರೇ ಹೇಳಿದಾರೆ," ಅಂದೆ.

"ಎಲ್ಲಿ ತೆಗೆಸಿದಾರೆ? ಡಿಸೆಂಬರಲ್ಲಿ ರಿನ್ಯೂ ಮಾಡಿಸಿದಾಗ್ಲೂ ಇದೆ ನೋಡಿ. ಹಿಂದಿನ ವರ್ಷಾನೂ ಇದೆ."

ಸುಳ್ಳು ಹೇಳಲು ಬಾರದ ಮನುಷ್ಯ ಅಂತ ನಿಮ್ಮನ್ನು ಹನ್ನೊಂದು ವರ್ಷ ನಂಬಿದ್ದೆನಲ್ಲ! ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಆಕೆ, ಪಾಪ, ಕಾಲು ನೋಯುತ್ತಿದೆ ಅಂದುಕೊಂಡು ನೀರು ತಂದುಕೊಟ್ಟರು.

ಬೇರೆ ವಾಸವಾಗಿದ್ದೇವೆ ಅನ್ನುವುದನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆದೆ. ನಿನ್ನೆ ಒಪ್ಪಿಗೆ ಬಂತು! ಬರುವ ಗುರುವಾರ ಬೆಳಗ್ಗೆ ಆಪರೇಷನ್. ಎಲ್ಲ ನೆಟ್ಟಗಾದರೆ ಮೂರು ನಾಲ್ಕು ತಿಂಗಳಲ್ಲಿ ಪೆಡಲ್ ತುಳಿಯಬಹುದಂತೆ.

ನೀವು ಬರಲೇಬೇಕೆಂದಿಲ್ಲ. ತಂಗಿ ಇರುತ್ತಾಳೆ. ಆದರೆ ಅವಳು ಮಧ್ಯಾಹ್ನ ಕೆಲಸಕ್ಕೆ ಹೋಗಬೇಕು, ನನಗೆ ಎಚ್ಚರವಾಗುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ಬಂದರೆ ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು. ನಿಮ್ಮ ಪಾಲಿನ ಮಾತನ್ನೂ ನಾನೇ ಆಡುತ್ತೇನೆ.

ಇನ್ನೂ ನಿಮ್ಮ ಪಾಲಿಸಿಯಲ್ಲಿರುವ,
ವಟವಟ

ಮರೆತಿದ್ದೆ: ಗುದ್ದಿಸಿಕೊಂಡ ದಿನ ಯಾರಿಗೆ ತಿಳಿಸಬೇಕು ಎಂದು ನರ್ಸ್ ಕೇಳಿದಾಗ ತಂಗಿಯ ನಂಬರ್ ನೆನಪಿಗೇ ಬರಲಿಲ್ಲ. ನಿಮ್ಮದು ಬಾಯಿಗೆ ತಾನಾಗಿ ಬಂತು. ಆಕೆ ಫೋನ್ ಹಚ್ಚಿದರು, ನೀವು "ಹಲೋ, ಯಾರು?" ಅಂದಿರಿ. ನಾನು ಕಸಿದುಕೊಂಡು ಇಟ್ಟುಬಿಟ್ಟೆ. ಆವತ್ತು ಏನೂ ಮಾತಾಡದೆ ಫೋನ್ ಇಟ್ಟವಳು ನಾನೇ.