ನಿನ್ನ ಹೆಸರಿನ ಹತ್ತೊಂಬತ್ತು ಪಾಠಗಳು

ಹನ್ನೊಂದು ವರ್ಷ ಒಂದೇ ಕೌಂಟರಿನಲ್ಲಿ ಪಕ್ಕದಲ್ಲಿ ಕುಳಿತವಳೇ,

‘ಪ್ರೀತಿಯ’ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಹಾಳೆ ದಂಡವಾಗುವುದು ಬೇಡವೆಂದು ಈಗ ಹೀಗೇ ಶುರು ಮಾಡಿದ್ದೇನೆ. ನೀನು ಗ್ರಂಥಾಲಯದ ಮಹಡಿಯಲ್ಲಿ, ನಾನು ನೆಲಮಾಳಿಗೆಯಲ್ಲಿ. ನಡುವೆ ಇರುವುದು ನಾಲ್ಕು ಡಜನ್ ಮೆಟ್ಟಿಲು. ಹತ್ತಿ ಬಂದು ಜಗಳವಾಡಬಹುದಿತ್ತು. ಆದರೆ ಎದುರು ನಿಂತರೆ ನಾನು ಅತ್ತುಬಿಡುತ್ತೇನೆ, ನೀನು ಸಮಾಧಾನ ಮಾಡುತ್ತೀಯ. ನಿನ್ನ ಸಮಾಧಾನ ನನಗೆ ಬೇಡ.

ಓದುಗರಿಗೆ ಕಂಪ್ಯೂಟರ್ ಕಲಿಸುವುದು ಹೇಗೆಂದು ಗ್ರಂಥಾಲಯದ ಸಿಬ್ಬಂದಿಗೆ ಹೇಳಿಕೊಡುವ ಉಚಿತ ಪಾಠಗಳು ಇಂಟರ್ನೆಟ್ಟಿನಲ್ಲಿವೆ ಎಂದು ಹುಡುಕಿ ತೋರಿಸಿದ್ದು ನಾನು. ಹೆಸರು ನೋಂದಾಯಿಸಲು ಇಮೇಲ್ ಕೇಳಿತು, ನನಗಿರಲಿಲ್ಲ. "ನನ್ನದ್ರಲ್ಲೇ ಕಲಿಯೇ, ಬಿಟ್ಟಿ ಪಾಠಕ್ಕೆ ಇಬ್ಬಿಬ್ಬರ ಹೆಸರು ಯಾಕೆ?" ಎಂದಿದ್ದೆ ನೀನು. ನನಗೂ ಸರಿಯೆನಿಸಿತು. ಮನೆಗೆ ಪುಸ್ತಕ ಒಯ್ಯುವಾಗಲೂ ನಮ್ಮಿಬ್ಬರದು ಒಂದೇ ಕಾರ್ಡು ತಾನೇ? ನನ್ನ ಕಾರ್ಡಿನಲ್ಲಿ ನೀನು ಓದಿದ ಪುಸ್ತಕಗಳೇ ಹೆಚ್ಚು.

ಎರಡನೆಯ ಪಾಠಕ್ಕೇ ನಿನಗೆ ಆಕಳಿಕೆ ಬಂತು. ಉಳಿದದ್ದನ್ನೆಲ್ಲ ಊಟದ ಬಿಡುವಿನಲ್ಲಿ ನಾನೇ ಕಲಿತೆ, ಪರೀಕ್ಷೆಗಳನ್ನೂ ನಾನೇ ಬರೆದೆ. ಆ ಹೊತ್ತು ಕೌಂಟರ್ ನೋಡಿಕೊಂಡವಳು ನೀನು, ಅದನ್ನು ಮರೆತಿಲ್ಲ. ಕಲಿತದ್ದನ್ನು ಓದುಗರಿಗೆ ಹೇಳಿಕೊಟ್ಟೆ. ಹೊಲಿಗೆ ಕೆಲಸದ ಹೆಂಗಸೊಬ್ಬಳು ಉಚಿತ ಪಾಠ ನೋಡಿ ಕೋಟು ಕತ್ತರಿಸುವುದನ್ನು ಕಲಿತಳು. ನಿವೃತ್ತ ಬಸ್ ಡ್ರೈವರ್ ಮೌಸನ್ನು ಸ್ಟೇರಿಂಗ್ ಹಾಗೆ ಎರಡು ಕೈಯಲ್ಲಿ ಹಿಡಿದು, ಅರವತ್ತೆಂಟನೆಯ ವಯಸ್ಸಿನಲ್ಲಿ ಪರದೆಯ ಮೇಲೆ ಅಕ್ಷರ ಕೂಡಿಸತೊಡಗಿದ. ನೀನೂ ನೋಡಿ ನಗುತ್ತಿದ್ದೆಯಲ್ಲ.

ಆಮೇಲೆ ಅಧಿಕಾರಿ ಬಂದರು. ಕಂಪ್ಯೂಟರ್ ಮೂಲೆ ಇನ್ನು ಕಲಿಕಾ ಕೊಠಡಿಯಾಗುತ್ತದೆ, ಒಬ್ಬರು ಅದರ ಉಸ್ತುವಾರಿ, ಇನ್ನೊಬ್ಬರು ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳಿಗೆ ಅಂಟು ಹಚ್ಚಲು ಎಂದರು. ಅವರ ಕೈಯಲ್ಲಿ ಪಾಠಕ್ಕೊಂದರಂತೆ ನಿನ್ನ ಹೆಸರಿನ ಹತ್ತೊಂಬತ್ತು ಪ್ರಮಾಣಪತ್ರಗಳಿದ್ದವು. "ಇದನ್ನೆಲ್ಲ ಮಾಡಿದ್ದು ನೀವೇನಾ?" ಎಂದು ನಿನ್ನನ್ನು ಕೇಳಿದರು. ನಾನು ಪೆದ್ದಿ, ಈಗ ನನ್ನ ಹೆಸರು ಹೇಳುತ್ತೀಯ ಎಂದು ಸೆರಗು ಸರಿಮಾಡಿಕೊಂಡೆ.

"ಹೌದು ಸರ್. ಒಂದು ವರ್ಷ ಕೂತು ಮಾಡಿದೆ" ಎಂದೆ ನೀನು.

ಅವರು ನನ್ನತ್ತ ತಿರುಗಿದರು. "ನೀವೂ ಇವರನ್ನ ನೋಡಿ ಏನಾದ್ರೂ ಕಲೀಬಾರ್ದೇನಮ್ಮ?"

ಕಾಗದದ ಮೇಲೆ ನಿನ್ನ ಹೆಸರಿತ್ತು, ನನ್ನ ಮಾತನ್ನು ಯಾರು ನಂಬುತ್ತಿದ್ದರು? ಹೊರಗೆ ಬಂದ ಮೇಲೆ ನೀನು ಕೈ ಹಿಡಿದುಕೊಂಡು ಹೇಳಿದೆ: "ಕಲಿತದ್ದು ನಿನ್ನ ಹತ್ರನೇ ಇರುತ್ತಲ್ಲೇ, ಎಲ್ಲಿಗೆ ಹೋಗುತ್ತೆ?"

ನಿಜ, ವಿದ್ಯೆ ಎಲ್ಲಿಗೂ ಹೋಗಲಿಲ್ಲ. ನನ್ನ ಜನ ಹೋದರು ಕಣೇ. ಇಲ್ಲಿ ಅಂಟಿನ ಡಬ್ಬಿಗೆ ಏನು ಕಲಿಸಲಿ? ಮೊನ್ನೆ ಡ್ರೈವರ್ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದಿದ್ದ. "ಆ ಮೇಡಂ ಒಳ್ಳೆಯವರೇ, ಆದ್ರೆ ಕೈಯಿಂದ ಕಿತ್ಕೊಂಡು ಅವರೇ ಒತ್ತಿಬಿಡ್ತಾರೆ. ನನಗೆ ಏನೂ ಗೊತ್ತಾಗಲ್ಲ. ಇನ್ಮೇಲೆ ಬರಲ್ಲಮ್ಮ" ಎಂದ. ಕಲಿಯುವವರ ಕೈಯಿಂದ ಮೌಸ್ ಕಸಿಯಬಾರದು ಎಂದು ಆರನೆಯ ಪಾಠದಲ್ಲಿದೆ. ಪ್ರಮಾಣಪತ್ರ ಇಟ್ಟುಕೊಂಡವಳು ಅಷ್ಟಾದರೂ ನೋಡಬಾರದಿತ್ತೇ? ಆ ಕುರ್ಚಿ ನಿನಗಿರಲಿ, ಆದರೆ ಆತನನ್ನು ಕಳೆದುಕೊಳ್ಳಬೇಡ.

ನಿನ್ನೆ ನಾನೂ ಒಂದು ಇಮೇಲ್ ಮಾಡಿಕೊಂಡೆ. ನನ್ನ ಹೆಸರಿನಲ್ಲಿ ಮೊದಲನೆಯ ಪಾಠದಿಂದ ಮತ್ತೆ ಶುರು ಮಾಡುವ ಮುನ್ನ, ನಮ್ಮ ಹಳೆಯ ಪಾಸ್‌ವರ್ಡ್ ಒತ್ತಿ ನೋಡಿದೆ. ತೆರೆಯಿತು. ‘ಖಾತೆ ಅಳಿಸಿ’ ಎಂದು ಕೆಳಗೇ ಇತ್ತು. ಒಂದು ಸಲ ಒತ್ತಿದ್ದರೆ ಹತ್ತೊಂಬತ್ತೂ ಮಾಯ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ, ಬೆರಳು ಅಲ್ಲೇ ಇತ್ತು. ಒತ್ತದೆ ಹೊರಬಂದೆ.

ಪಾಸ್‌ವರ್ಡನ್ನು ನೀನು ಯಾಕೆ ಬದಲಿಸಿಲ್ಲ ಎಂದು ಆಮೇಲೆ ಹೊಳೆಯಿತು. ನಾನು ಅಂಥದ್ದು ಮಾಡುವವಳಲ್ಲ ಎಂದು ನಿನಗೆ ಗೊತ್ತು. ನನ್ನ ಮೇಲೆ ಅಷ್ಟು ನಂಬಿಕೆ ಇಟ್ಟುಕೊಂಡೇ ನೀನು ಆ ದಿನ "ಹೌದು ಸರ್" ಎಂದೆ. ನನಗೆ ತಡೆಯಲಾಗದ್ದು ಇದೊಂದೇ.

ಪಾಸ್‌ವರ್ಡ್ ಬದಲಿಸಿಕೋ. ಎಲ್ಲಿದ್ದರೂ ಚೆನ್ನಾಗಿರು, ಆರೋಗ್ಯ ನೋಡಿಕೋ. ಕೆಳಗಿಳಿದು ಮಾತ್ರ ಬರಬೇಡ.

ಇಂತಿ,
ಈಗ ಮೂರನೆಯ ಪಾಠದಲ್ಲಿರುವವಳು