ಬಾಯ್ಲರ್ ಅದುರಿದ್ದಕ್ಕೆ ಹಾಕಿದ ಪದ

ಅಪ್ಪಾ,

ಕಳೆದ ವರ್ಷ ಮಾರ್ಚ್ ಹನ್ನೊಂದರಂದು, ಬಾಯ್ಲರ್ ಸಿಡಿದು ನೀನು ಸಾಯುವುದಕ್ಕೆ ಒಂಬತ್ತು ದಿನ ಮೊದಲು, ನಿನ್ನ ದೂರಿನ ಒಂದು ಪದವನ್ನು ಈ ಕಾರ್ಖಾನೆ ಬದಲಿಸಿತು. 'ಎದೆ ನಡುಗುವ ಹಾಗೆ ಅದುರುತ್ತಿದೆ' ಎಂದು ನೀನು ಬರೆದಿದ್ದೆ. ಮುಖ್ಯ ಕಚೇರಿಗೆ ಕಳಿಸಲು ಇಲ್ಲಿನ ಆಫೀಸಿನ ನನ್ನ ಮೇಜಿನಲ್ಲಿ ಅದನ್ನು ಇಂಗ್ಲಿಷಿಗೆ ತಂದಾಗ ನಾನು 'ವಯಲೆಂಟ್' ಎಂದು ಹಾಕಿದೆ. ಒಡೆದುಹಾಕುವಷ್ಟು ರಭಸಕ್ಕೆ ಅದೇ ಸರಿಯಾದ ಪದ.

ಮ್ಯಾನೇಜರ್ ನಕ್ಕರು. "ಏನಮ್ಮಾ, ನಿಮ್ಮಪ್ಪ ಬಾಯ್ಲರ್ ನೋಡ್ಕೊಳ್ತಾರೋ, ನಾಟಕ ಬರೀತಾರೋ? 'ಸ್ಟ್ರಾಂಗ್' ಅಂತ ಹಾಕು. ಎರಡೂ ಒಂದೇ."

"'ಸಿವಿಯರ್' ಅಂತಾದ್ರೂ ಇರ್ಲಿ ಸಾರ್, ತೀವ್ರವಾಗಿದೆ ಅಂತ ಗೊತ್ತಾಗುತ್ತೆ," ಎಂದೆ. ನಾನು ಅದನ್ನು 'ಸ್ಟ್ರಾಂಗ್' ಎಂದು ತಿದ್ದುವವರೆಗೂ ಅವರು ನನ್ನ ಮೇಜಿನ ಪಕ್ಕದಲ್ಲೇ ನಿಂತರು.

ನಿನ್ನೆ, ಬಾಯ್ಲರ್ ಸಿಡಿದದ್ದರ ವಿಚಾರಣೆಯಲ್ಲಿ ಕಂಪನಿಯ ವಕೀಲರು ಆ ಕಾಗದ ಓದಿದರು. "ಸ್ಟ್ರಾಂಗ್ ಅಂದ್ರೆ ಜೋರು, ಅಷ್ಟೇ ಸಾರ್. ಬಾಯ್ಲರ್ ಅಂದ್ಮೇಲೆ ಜೋರಾಗಿ ಅದುರಲ್ವಾ? ಅಪಾಯ ಅಂತ ಅವರಿಗೇ ಅನಿಸಿರ್ಲಿಲ್ಲ." ಇಪ್ಪತ್ತೆರಡು ವರ್ಷ ಉಗಿಯ ಸದ್ದು ಕೇಳಿಯೇ ಅದರ ಮೈ ಸರಿಯಿಲ್ಲ ಎಂದು ಹೇಳುತ್ತಿದ್ದ ನಿನ್ನ ಬಗ್ಗೆ ಈ ಮಾತು! ವಿಚಾರಣೆಯ ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು.

ನಿನ್ನ ಜೊತೆಗಾರ ಫಿಟ್ಟರ್ ಮಾವ ನನ್ನನ್ನು ತಿವಿದರು. "ನೀನೇ ಅಲ್ವೇನಮ್ಮ ಇಂಗ್ಲಿಷ್ ಮಾಡಿದ್ದು? ಎದ್ದು ಹೇಳು."

ಮ್ಯಾನೇಜರ್ ಎದುರಿನ ಸಾಲಿನಲ್ಲಿದ್ದರು. ನಾನು ಮಡಿಲಲ್ಲಿದ್ದ ಕಾಗದಗಳ ಅಂಚು ಸರಿಮಾಡುತ್ತಾ ಕೂತೆ. ಇವತ್ತು ಬೆಳಿಗ್ಗೆ ಮತ್ತೆ ಅದೇ ಮೇಜಿಗೆ ಬಂದಿದ್ದೇನೆ. ಅಮ್ಮನ ಔಷಧಿಗೆ ಈ ಕೆಲಸವೇ ಆಧಾರ.

ಸೋಮವಾರ ವಿಚಾರಣೆಯ ಕೊನೆಯ ದಿನ. ಮ್ಯಾನೇಜರ್ ಎಲ್ಲರ ಮುಂದೆ ನಿಂತು ಉತ್ತರ ಕೊಡಬೇಕು: ಮೊದಲ ಪ್ರತಿಯಲ್ಲಿ ಯಾವ ಪದವಿತ್ತು? ಅದನ್ನು ತೆಗೆಸಿದವರು ಯಾರು? ತೆಗೆದವಳು ಯಾರೆಂಬುದನ್ನೂ ಅಲ್ಲೇ ಹೇಳಲಿ.